ಗಾಳಿಯಿಂದ ತಣ್ಣಗಾಗುವ 911: ಕಲಬುರಗಿ ಬಿಸಿಲಿಗೆ ಯಾವುದನ್ನು ಆರಿಸಬೇಕು?

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಕಲಬುರಗಿಯ ರಿಂಗ್ ರೋಡಿನ ಸಿಗ್ನಲ್‌ನಲ್ಲಿ ಗಾಡಿ ನಿಂತಿದೆ. ಮುಂದೆ ತೊಗರಿ ಮೂಟೆ ಹೇರಿದ ಲಾರಿ, ಪಕ್ಕದಲ್ಲಿ ಮೂರು ಆಟೋ. ಹೊರಗೆ 42 ಡಿಗ್ರಿ. ಡಾಂಬರು ಅದಕ್ಕಿಂತ ಜಾಸ್ತಿ ಸುಡುತ್ತಿದೆ. ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಇಂಥ ಹೊತ್ತಿನಲ್ಲಿ ಐದು ನಿಮಿಷ ನಿಂತರೂ ಆಯಿಲ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಬಾರದು.

ಜರ್ಮನಿಯ ಸ್ಪೋರ್ಟ್ಸ್ ಕಾರು ಪೋರ್ಷೆ 911ರ ಹಳೇ ಗಾಡಿಯೊಂದನ್ನು ನನಗೆ ಬೇಕಾದ ಹಾಗೆ ಕಟ್ಟಿಸುವುದಾದರೆ ನಾನು ಇಡುವ ಮೊದಲ ಪರೀಕ್ಷೆ ಇದು. ಬಣ್ಣ, ಚಕ್ರ, ಹಾರ್ಸ್‌ಪವರ್ ಎಲ್ಲ ಆಮೇಲೆ.

ಎಂಟು ವರ್ಷದಿಂದ ಒಂದು ಲೆಕ್ಕದ ಪುಸ್ತಕದಲ್ಲಿ ಈ ಗಾಡಿಯನ್ನು ಬರೆದು ಅಳಿಸಿ ಬರೆಯುತ್ತಿದ್ದೇನೆ. ಶುರುವಾಗಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿರುವ ದೊಡ್ಡಪ್ಪನ ಮಗ ಒಂದು ಭಾನುವಾರ ಗೆಳೆಯನ 911 ಕ್ಯಾರೆರಾದಲ್ಲಿ ನನ್ನನ್ನು ಕೂರಿಸಿಕೊಂಡು ಹೋಗಿದ್ದ. ಬೆನ್ನ ಹಿಂದೆ ಫ್ಯಾನಿನ ಗುಂಯ್ ಅನ್ನುವ ಸದ್ದು, ಅದರ ಕೆಳಗೆ ಇಂಜಿನ್ನಿನ ಒರಟು ದನಿ. ನಮ್ಮ ಓಣಿಯ ಹಿಟ್ಟಿನ ಗಿರಣಿ ಶುರುವಾದಾಗ ಬೆಲ್ಟು ಹಿಡಿಯುವ ವೇಗ ಇರುತ್ತದಲ್ಲ, ಅದೇ ನೆನಪಾಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಊರಿಗೆ ಬಂದು ಕಾಕಾನಿಗೆ ಹೇಳಿದೆ. ಕಾಕಾ ಮೂವತ್ತು ವರ್ಷ ಬುಲೆಟ್ ರಿಪೇರಿ ಮಾಡಿದವರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಗಾಡಿ ಭಾಳ ಛಂದ ಅದ ಬಿಡು ತಮ್ಮಾ. ಬಿಸಿಲಾಗ ನಿಂತ್ರ ಏನಾಗ್ತದ ಅದನ್ನ ಹೇಳು."

ಅವರು ಸುಮ್ನೆ ಕೇಳಿದ್ದಲ್ಲ. ಕಾಲೇಜಿನ ದಿನಗಳಲ್ಲಿ ನಾನು ಅವರ ಬುಲೆಟ್ ತೆಗೆದುಕೊಂಡು ಬೀದರಿಗೆ ಹೊರಟಿದ್ದೆ. ಏಪ್ರಿಲ್ ಕೊನೆ. ಮಹಾಗಾಂವ ಕ್ರಾಸ್ ದಾಟಿ ಕಮಲಾಪುರ ಬರುವಷ್ಟರಲ್ಲಿ ಇಂಜಿನ್ ಬಿಗಿದು ಹಿಂದಿನ ಚಕ್ರ ಹಿಡಿದುಕೊಂಡಿತು. ಮರುದಿನ ಕಾಕಾ ಪಿಸ್ಟನ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಂದು ಬದಿಯಲ್ಲಿ ಉದ್ದಕ್ಕೆ ಗೀರು, ಬಾಚಣಿಗೆಯಲ್ಲಿ ಎಳೆದ ಹಾಗೆ. ಆಮೇಲೆ ಸಿಲಿಂಡರಿನ ರೆಕ್ಕೆಗಳನ್ನು ತೋರಿಸಿದರು. ಎಲ್ಲಿಂದಲೋ ಒಸರಿದ ಎಣ್ಣೆಗೆ ಎರೆಮಣ್ಣಿನ ಧೂಳು ಕೂತು, ಅದು ಬೆಂದು, ರೆಕ್ಕೆಗಳ ಸಂದೆಲ್ಲ ಕಪ್ಪು ಹೆಂಟೆಯಾಗಿತ್ತು. ಗಾಳಿ ಹೋಗಲು ಜಾಗವೇ ಇರಲಿಲ್ಲ. ಸ್ಕ್ರೂಡ್ರೈವರಿನಿಂದ ಕೆರೆದರೆ ಚೂರುಚೂರಾಗಿ ಉದುರುತ್ತಿತ್ತು. ಆ ಪಿಸ್ಟನ್ ಈಗಲೂ ನನ್ನ ಮೇಜಿನ ಮೇಲಿದೆ.

ಗಾಳಿಯಷ್ಟೇ ಅಲ್ಲ, ಎಣ್ಣೆಯೂ

911 ಮೊದಲು ಕಾಣಿಸಿಕೊಂಡಿದ್ದು 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ, 901 ಅನ್ನುವ ಹೆಸರಿನಲ್ಲಿ. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತನ್ನದು ಎಂದು ಫ್ರಾನ್ಸಿನ ಕಾರು ಕಂಪನಿ ಪ್ಯೂಜೊ ತಕರಾರು ತೆಗೆದದ್ದರಿಂದ 911 ಆಯಿತು. ಗಾಳಿಯಿಂದ ತಣ್ಣಗಾಗುವ ಕೊನೆಯ 911 ತಯಾರಾಗಿದ್ದು 1998ರಲ್ಲಿ. ಅಷ್ಟು ವರ್ಷವೂ ವಿನ್ಯಾಸದ ಮೂಲ ಒಂದೇ. ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಆರು ಸಿಲಿಂಡರಿನ ಇಂಜಿನ್, ಮೂರು ಎಡಕ್ಕೆ ಮೂರು ಬಲಕ್ಕೆ ಮಲಗಿಸಿದ್ದು. ಅದರ ಬೆನ್ನಿಗೆ ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನ್.

ಹೆಸರಿಗೆ ಗಾಳಿ. ಆದರೆ ಅರ್ಧ ಕೆಲಸ ಮಾಡುವುದು ಎಣ್ಣೆ. ಬುಲೆಟ್ಟಿನಲ್ಲಿ ಎರಡು ಮೂರು ಲೀಟರ್ ಎಣ್ಣೆ ಹಿಡಿದರೆ ಇಲ್ಲಿ ಹತ್ತು ಲೀಟರಿಗೂ ಜಾಸ್ತಿ ಬೇಕು. ಅದಕ್ಕೆ ಬೇರೆ ಟ್ಯಾಂಕು, ಪಂಪು, ಥರ್ಮೋಸ್ಟ್ಯಾಟ್. ಎಣ್ಣೆ ಸುಮಾರು 85 ಡಿಗ್ರಿಗೆ ಬಂದಾಗ ಥರ್ಮೋಸ್ಟ್ಯಾಟ್ ತೆರೆಯುತ್ತದೆ. ಆಗ ಎಣ್ಣೆ ಉದ್ದದ ಪೈಪಿನಲ್ಲಿ ಗಾಡಿಯ ಮುಂದಿನವರೆಗೂ ಹೋಗಿ, ಮಡ್‌ಗಾರ್ಡಿನ ಒಳಗಿರುವ ಕೂಲರಿನಲ್ಲಿ ಆರಿಕೊಂಡು ವಾಪಸ್ ಬರುತ್ತದೆ. ಎಣ್ಣೆಯ ಮಟ್ಟ ನೋಡುವುದೂ ನಮ್ಮ ರೂಢಿಗೆ ಉಲ್ಟಾ. ಗಾಡಿ ಚೆನ್ನಾಗಿ ಬಿಸಿಯಾಗಿರಬೇಕು, ಸಮತಟ್ಟು ನೆಲದಲ್ಲಿ ನಿಂತಿರಬೇಕು, ಇಂಜಿನ್ ಓಡುತ್ತಿರಬೇಕು. ಆಗ ಕಡ್ಡಿ ಎಳೆಯಬೇಕು. ಇದು ಗೊತ್ತಿಲ್ಲದೆ ತಣ್ಣಗಿರುವಾಗ ನೋಡಿ ಎಣ್ಣೆ ಸುರಿದರೆ ಹೆಚ್ಚಾಗಿ ಏರ್ ಫಿಲ್ಟರಿನವರೆಗೂ ಉಕ್ಕುತ್ತದೆ.

ಹಾಗಾಗಿ ಈ ಹೋಲಿಕೆಯನ್ನೆಲ್ಲ ನಾನು ಒಂದೇ ಅಳತೆಗೋಲಿನಿಂದ ಮಾಡಿದ್ದೇನೆ: ಆ ಎಣ್ಣೆ ಎಷ್ಟು ತಣ್ಣಗಿರುತ್ತದೆ?

ಮೊದಲು ಕಾನೂನಿನ ಮಾತು

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಸಾಮಾನ್ಯ ದಾರಿಯಲ್ಲಿ ನಮ್ಮ ದೇಶಕ್ಕೆ ತರಿಸಿಕೊಳ್ಳಲು ಆಗುವುದಿಲ್ಲ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ಇದೆ. ಫೀ 20,000 ರೂಪಾಯಿ, ಅವಧಿ 10 ವರ್ಷ, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಮಾಡಿರಬಾರದು. ದಿನಾ ಓಡಿಸುವ ಹಾಗೂ ಇಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ಮಾತ್ರ. ಕಸ್ಟಮ್ ಕಟ್ಟುವ ಆಸೆಗೂ ಈ ದಾರಿಗೂ ಕೂಡಿಬರುವುದಿಲ್ಲ.

ಇಲ್ಲೇ ನೋಂದಣಿ ಆಗಿರುವ ಹಳೇ 911 ಸಿಕ್ಕರೆ ಅದು ಅದೃಷ್ಟ. ಆಗಲೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಿರಲಿ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ಬಾಡಿ ಕತ್ತರಿಸುವ ಮಾತು ಬೇಡವೇ ಬೇಡ. ಬೋಲ್ಟ್ ಬಿಚ್ಚಿದರೆ ಮೊದಲಿನಂತಾಗುವ ಕೆಲಸಗಳನ್ನಷ್ಟೇ ಆರಿಸಿ.

ನಾನು ಬರೆದಿಟ್ಟಿರುವುದು ಮೂರನೇ ದಾರಿ. ಗಾಡಿ ಇಂಗ್ಲೆಂಡಿನಲ್ಲಿ, ಅಲ್ಲಿರುವ ದೊಡ್ಡಪ್ಪನ ಮಗನ ಹೆಸರಿನಲ್ಲಿ ಕಟ್ಟುವುದು. ಹೊರದೇಶದ ಗಾಡಿಯನ್ನು ಕಾರ್ನೆ ಅನ್ನುವ ಪತ್ರದ ಮೇಲೆ ಪ್ರವಾಸಕ್ಕೆ ತಂದು ಗಡುವಿನೊಳಗೆ ವಾಪಸ್ ಒಯ್ಯಬಹುದು. ಅವನು ಹಾಗೆ ಒಮ್ಮೆ ಊರಿಗೆ ಬರುತ್ತಾನೆ, ಇಬ್ಬರೂ ಕಲಬುರಗಿಯಿಂದ ಬೀದರಿನ ಕೋಟೆಯವರೆಗೆ ಹೋಗುತ್ತೇವೆ. ಇಂಗ್ಲೆಂಡಿನಲ್ಲಿ ಕಟ್ಟುವುದರಿಂದ ಇನ್ನೊಂದು ಲಾಭ, ಬಲಗಡೆ ಸ್ಟಿಯರಿಂಗ್ ಇರುವ ಗಾಡಿ ಸುಲಭವಾಗಿ ಸಿಗುತ್ತದೆ. ಒಂದು ಕಷ್ಟವೂ ಇದೆ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ತುಕ್ಕು ಜಾಸ್ತಿ.

ಯಾವ ಕಾಲದ ಗಾಡಿ?

1973ರವರೆಗಿನ, ಉದ್ದ ಬಾನೆಟ್ಟಿನ ಗಾಡಿಗಳು ಕಣ್ಣಿಗೆ ಎಲ್ಲಕ್ಕಿಂತ ಚೆಂದ. ಬಂಪರ್ ತೆಳು, ತೂಕ ಕಮ್ಮಿ. 1973ರ ಕ್ಯಾರೆರಾ ಆರ್‌ಎಸ್ 2.7 ಹಗುರ ಮಾದರಿಯಲ್ಲಿ ಒಂದು ಟನ್ನಿಗೂ ಕಮ್ಮಿ ತೂಗುತ್ತಿತ್ತು, ಇಂಜಿನ್ 210 ಹಾರ್ಸ್‌ಪವರ್. ಹಿಂದೆ ಬಾತುಕೋಳಿ ಬಾಲದಂತೆ ಎದ್ದ ಆ ಸ್ಪಾಯ್ಲರನ್ನು ಇವತ್ತಿಗೂ ಎಲ್ಲರೂ ನಕಲು ಮಾಡುತ್ತಾರೆ. ಆದರೆ ಈ ಗಾಡಿಗಳ ಬಾಡಿಗೆ ತುಕ್ಕು ತಡೆಯುವ ಸತುವಿನ ಲೇಪ ಪೂರ್ತಿ ಇಲ್ಲ, ಬೆಲೆಯಂತೂ ಕೈಗೆ ಎಟುಕುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ಉಳಿದಿರುವ ಅಸಲಿ ಗಾಡಿಯನ್ನು ನಮ್ಮ ಆಸೆಗೆ ಕತ್ತರಿಸುವುದು ತಪ್ಪು. ಯಾರ ಹತ್ತಿರ ಇದೆಯೋ ಅವರು ಹಾಗೇ ಕಾಪಾಡಲಿ.

1974ರಿಂದ 1977ರವರೆಗಿನ 2.7 ಲೀಟರಿನ ಗಾಡಿಗಳನ್ನು ಕಾಕಾ ಒಂದೇ ನಿಮಿಷದಲ್ಲಿ ಪಟ್ಟಿಯಿಂದ ತೆಗೆದರು. ಅವುಗಳ ಇಂಜಿನ್ ಕೇಸ್ ಮೆಗ್ನೀಸಿಯಂನದ್ದು. ಬಿಸಿಗೆ ಅದು ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಮೆತ್ತಗೂ ಆಗುತ್ತದೆ. ಸಿಲಿಂಡರ್ ಹೆಡ್ಡನ್ನು ಹಿಡಿದಿರುವ ಉದ್ದ ಬೋಲ್ಟುಗಳು, ಅಂದರೆ ಸ್ಟಡ್‌ಗಳು, ತಿರುಪಿನ ಮರೆಯ (ಥ್ರೆಡ್) ಸಮೇತ ಕಿತ್ತು ಬರುತ್ತವೆ. ತಣ್ಣನೆಯ ದೇಶದಲ್ಲೇ ಹೀಗಾದರೆ ನಮ್ಮಲ್ಲಿ ಕೇಳಬೇಕೇ? ಉಕ್ಕಿನ ಮರೆ ಕೂರಿಸಿ ಸರಿ ಮಾಡಬಹುದು, ಮಾಡುತ್ತಾರೆ ಕೂಡ. ಆದರೂ ಮೊದಲೇ ಗೊತ್ತಿರುವ ಕಾಯಿಲೆಯನ್ನು ಮನೆಗೆ ತರುವುದು ಯಾಕೆ?

ನಿಜವಾದ ಆಯ್ಕೆ ಇರುವುದು ಮುಂದಿನ ಎರಡರ ನಡುವೆ. 1978ರಿಂದ 1983ರವರೆಗಿನ ಎಸ್‌ಸಿ, ಮತ್ತು 1984ರಿಂದ 1989ರವರೆಗಿನ ಕ್ಯಾರೆರಾ 3.2. ಎರಡರ ಕೇಸೂ ಅಲ್ಯೂಮಿನಿಯಂ, ಎರಡರ ಬಾಡಿಗೂ ಸತುವಿನ ಲೇಪ ಇದೆ. ಎಸ್‌ಸಿ 3.0 ಲೀಟರ್, 180ರಿಂದ ಶುರುವಾಗಿ ಕೊನೆಗೆ 204 ಹಾರ್ಸ್‌ಪವರ್. ಗಟ್ಟಿ ಇಂಜಿನ್ ಅಂತ ಹೆಸರು. ಅದರ ಕೊರತೆಗಳು ಮೂರು. ಇಂಜಿನ್ನಿನ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಬಲಹೀನ, ಹೆಡ್ ಸ್ಟಡ್ ತುಂಡಾಗಬಹುದು, ಸ್ಟಾರ್ಟ್ ಮಾಡುವಾಗ ಬ್ಯಾಕ್‌ಫೈರ್ ಆದರೆ ಪ್ಲಾಸ್ಟಿಕ್ಕಿನ ಏರ್‌ಬಾಕ್ಸ್ ಒಡೆಯುತ್ತದೆ. ಮೂರಕ್ಕೂ ಮದ್ದಿದೆ.

3.2ರಲ್ಲಿ ಟೆನ್ಷನರಿಗೆ ಇಂಜಿನ್ನಿನ ಎಣ್ಣೆಯ ಒತ್ತಡವನ್ನೇ ಕೊಟ್ಟರು, ಆ ತೊಂದರೆ ಮುಗಿಯಿತು. ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಬಾಷ್ ಮೋಟ್ರಾನಿಕ್ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅಮೆರಿಕ ಬಿಟ್ಟು ಬೇರೆ ಕಡೆಯ ಮಾದರಿಗೆ 231 ಹಾರ್ಸ್‌ಪವರ್. ವಾಲ್ವ್ ಗೈಡ್ ಸವೆಯುವುದು ಇದರ ದೋಷ, ಎಣ್ಣೆ ಕುಡಿಯಲು ಶುರು ಮಾಡಿದರೆ ಗೊತ್ತಾಗುತ್ತದೆ. 1987ರಿಂದ ಜಿ50 ಗೇರ್‌ಬಾಕ್ಸ್ ಬಂತು, ಜೊತೆಗೆ ಹೈಡ್ರಾಲಿಕ್ ಕ್ಲಚ್. ಅದಕ್ಕೂ ಹಿಂದಿನ 915 ಗೇರ್‌ಬಾಕ್ಸಿಗೆ ಸಮಾಧಾನದ ಕೈ ಬೇಕು, ಅವಸರ ಮಾಡಿದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಹಾಳು. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಗದ್ದಲದಲ್ಲಿ ನಿಮಿಷಕ್ಕೆ ಹತ್ತು ಸಲ ಒಂದು ಎರಡು, ಒಂದು ಎರಡು ಅಂತ ಬದಲಿಸುವವರಿಗೆ ಜಿ50 ವಾಸಿ.

ಆಮೇಲೆ ಬಂದ 911ಗಳು, 964 ಮತ್ತು 993 ಅನ್ನುವ ಮಾದರಿಗಳು, ಇನ್ನೂ ಚುರುಕು. 3.6 ಲೀಟರ್, 250 ಮತ್ತು 272 ಹಾರ್ಸ್‌ಪವರ್, ಕಾಯಿಲ್ ಸ್ಪ್ರಿಂಗ್, ಪವರ್ ಸ್ಟಿಯರಿಂಗ್, ಎಬಿಎಸ್. ಹೊರದೇಶದ ದೊಡ್ಡ ಕಸ್ಟಮ್ ಕೆಲಸಗಾರರಲ್ಲಿ ಅಮೆರಿಕದ ಸಿಂಗರ್ ಹೆಸರು ಮಾಡಿದ್ದೇ 964ರ ಮೇಲೆ. ಸುಖವಾಗಿ ದೂರ ಹೋಗಬೇಕು ಅನ್ನುವವರಿಗೆ 964 ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ಆದರೆ ತೂಕ 1,350 ಕಿಲೋ ಹತ್ತಿರ ಹೋಗುತ್ತದೆ. ಕ್ಯಾರೆರಾ 3.2 ಸುಮಾರು 1,200 ಕಿಲೋ. ಬಿಚ್ಚಿ ಜೋಡಿಸುವ ಕೆಲಸವೂ ಅದರಲ್ಲಿ ಸರಳ. 993 ಎಲ್ಲದರಲ್ಲೂ ಮುಂದೆ, ಅದಕ್ಕೇ ಅದನ್ನು ಮುಟ್ಟದೆ ಹಾಗೇ ಇಟ್ಟುಕೊಳ್ಳುವುದು ಮೇಲು.

ನನ್ನ ಪುಸ್ತಕದಲ್ಲಿ ಉಳಿದಿರುವುದು 1987ರ ನಂತರದ ಕ್ಯಾರೆರಾ 3.2, ಬಲಗಡೆ ಸ್ಟಿಯರಿಂಗ್, ಕೂಪೆ. ಮಾಡಿನ ತುಂಡು ತೆಗೆಯಬಹುದಾದ ಟಾರ್ಗಾ ನಮ್ಮ ಬಿಸಿಲಿಗೆ ಬೇಡ, ಸನ್‌ರೂಫೂ ಬೇಡ. ನೆತ್ತಿಯ ಮೇಲೆ ಇಡೀ ತಗಡು ಇರಲಿ.

ಇಂಜಿನ್ ದೊಡ್ಡದು ಮಾಡಬೇಕೇ?

ಇಲ್ಲಿ ಆಸೆ ಎಳೆಯುತ್ತದೆ. 964ರ 3.6 ಇಂಜಿನ್ ಎತ್ತಿ 3.2ರಲ್ಲಿ ಕೂರಿಸಬಹುದು. ಎಸ್‌ಸಿಗೆ 95 ಮಿಲಿಮೀಟರ್ ಬದಲು 98ರ ಸಿಲಿಂಡರ್ ಹಾಕಿದರೆ ಸುಮಾರು 3,186 ಸಿಸಿ ಆಗುತ್ತದೆ, ಸ್ಟ್ರೋಕ್ ಚಿಕ್ಕದಿರುವುದರಿಂದ ಮೇಲಿನ ವೇಗದಲ್ಲಿ ತುಂಬ ಚೆನ್ನಾಗಿ ತಿರುಗುತ್ತದೆ. ಓದಿದಾಗ ನನಗೂ ಅದೇ ಬೇಕು ಅನ್ನಿಸಿತ್ತು. ಆದರೆ ಹೆಚ್ಚು ಶಕ್ತಿ ಅಂದರೆ ಹೆಚ್ಚು ಬಿಸಿ. ಆ ಬಿಸಿಯನ್ನು ಹೊರಹಾಕುವ ಗಾಳಿಯೇ 42 ಡಿಗ್ರಿ ಇರುವಾಗ ಲೆಕ್ಕ ಬೇರೆಯಾಗುತ್ತದೆ.

ನಾನು ಉಲ್ಟಾ ಹೋಗಿದ್ದೇನೆ. 231 ಹಾರ್ಸ್‌ಪವರಿನ ಇಂಜಿನ್ನಿನಲ್ಲಿ ಕಂಪ್ರೆಶನ್ 10.3, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಹತ್ತು ಪಟ್ಟಿಗೂ ಜಾಸ್ತಿ ಒತ್ತುತ್ತದೆ. ಈ ಇಂಜಿನ್ನಿಗೆ ನಾಕಿಂಗ್, ಅಂದರೆ ಮಿಶ್ರಣ ತಾನೇ ಸಿಡಿಯುವುದನ್ನು, ಗುರುತಿಸುವ ಸೆನ್ಸರ್ ಇಲ್ಲ, ಅದು ಬಂದದ್ದು 964ರಲ್ಲಿ. ಹೆದ್ದಾರಿಯ ಯಾವುದೋ ಬಂಕಿನ ಪೆಟ್ರೋಲ್, ಸುಡುವ ಬಿಸಿಲು, ಏರು ದಾರಿ ಮೂರೂ ಸೇರಿದರೆ ಪಿಸ್ಟನ್ನಿಗೆ ಪೆಟ್ಟು, ಡ್ರೈವರಿಗೆ ಕೇಳಿಸುವುದೂ ಇಲ್ಲ. ಅಮೆರಿಕದ ಮಾದರಿಯ 9.5 ಕಂಪ್ರೆಶನ್ ಪಿಸ್ಟನ್ ಹಾಕಿದರೂ 200ಕ್ಕೂ ಹೆಚ್ಚು ಹಾರ್ಸ್‌ಪವರ್ ಉಳಿಯುತ್ತದೆ. 1,200 ಕಿಲೋ ಗಾಡಿಗೆ ಧಾರಾಳ ಸಾಕು.

ಕಾರ್ಬುರೇಟರ್ ಬೇಕೋ ಇಂಜೆಕ್ಷನ್ ಬೇಕೋ ಅನ್ನುವುದು ಇನ್ನೊಂದು ಜಗಳ. ಮೂರು ಬಾಯಿಯ ವೆಬರ್ ಎರಡು ಕೂರಿಸಿದರೆ ಆ ಉಸಿರೆಳೆಯುವ ಸದ್ದಿಗೆ ಸಾಟಿಯಿಲ್ಲ. ಆದರೆ ನಮ್ಮ ಬಂಕುಗಳಲ್ಲಿ ಈಗ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್. ಅದಕ್ಕೆ ಪೆಟ್ರೋಲಿನ ಪ್ರಮಾಣ ಹೆಚ್ಚಿಸದಿದ್ದರೆ ಮಿಶ್ರಣ ತೆಳುವಾಗಿ ಇಂಜಿನ್ ಬಿಸಿಯಾಗುತ್ತದೆ. ಕಾರ್ಬುರೇಟರ್ ಆದರೆ ಜೆಟ್ ಬದಲಿಸಬೇಕು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರ್ ಇರುವ ಹೊಸ ಇಂಜೆಕ್ಷನ್ ತಾನೇ ಹೊಂದಿಸಿಕೊಳ್ಳುತ್ತದೆ. ನಾನು ಇಂಜೆಕ್ಷನ್ ಅಂತಲೇ ಬರೆದುಕೊಂಡೆ. ಯಾವುದನ್ನೇ ಆರಿಸಿ, ಹಳೇ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಮಾತ್ರ ಒಂದೂ ಬಿಡದೆ ಕಿತ್ತು ಎಥನಾಲ್ ತಾಳುವ ಪೈಪು ಹಾಕಿಸಿ. ಎಥನಾಲಿಗೆ ಹಳೇ ರಬ್ಬರ್ ಬಿರಿಯುತ್ತದೆ. ಈ ಗಾಡಿಯಲ್ಲಿ ಪೆಟ್ರೋಲ್ ಸೋರಿದರೆ ಬೀಳುವುದು ಬಿಸಿ ಇಂಜಿನ್ನಿನ ಮೇಲೆ.

ದುಡ್ಡು ಸುರಿಯಬೇಕಾದ ಜಾಗ

ಕೂಲರ್. ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಎಸ್‌ಸಿ ಗಾಡಿಗಳಲ್ಲಿ ಮುಂದೆ ಬಾಗಿಸಿದ ಬರೀ ಪೈಪು ಇದ್ದ ಮಾದರಿಗಳಿವೆ, ಅದು ನಮಗೆ ಸಾಲದು. ಕೊನೆಯ ಕ್ಯಾರೆರಾಗಳಲ್ಲಿ ರೆಕ್ಕೆಗಳಿರುವ ಕೂಲರ್, ಅದಕ್ಕೊಂದು ಎಲೆಕ್ಟ್ರಿಕ್ ಫ್ಯಾನ್ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಕಾಪಾಡುವುದು ಆ ಫ್ಯಾನೇ. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಯಾರಾದರೂ ಬೀಸಬೇಕಲ್ವಾ?

ಇನ್ನೊಂದು ವಿಷಯ ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ಆ ಕಾಲದ 911ಗಳಲ್ಲಿ ಎಸಿಯ ಬಿಸಿಯನ್ನು ಹೊರಹಾಕುವ ಒಂದು ಕಂಡೆನ್ಸರ್ ಇರುವುದು ಹಿಂದಿನ ಮುಚ್ಚಳದ ಜಾಲರಿಯ ಕೆಳಗೆ. ಇಂಜಿನ್ ಫ್ಯಾನ್ ಗಾಳಿ ಎಳೆದುಕೊಳ್ಳುವುದೂ ಅದೇ ಜಾಲರಿಯಿಂದ. ಅಂದರೆ ಎಸಿ ಹಾಕಿದ ಕೂಡಲೇ ಇಂಜಿನ್ನಿಗೆ ಕಾದ ಗಾಳಿಯನ್ನೇ ಕುಡಿಸಿದ ಹಾಗೆ. ಅದನ್ನು ಅಲ್ಲಿಂದ ತೆಗೆದು ಚಕ್ರದ ಹಿಂದಿನ ಮಡ್‌ಗಾರ್ಡಿನೊಳಗೆ, ಬೇರೆ ಫ್ಯಾನ್ ಸಮೇತ ಕೂರಿಸುವ ಕಿಟ್‌ಗಳಿವೆ. ಕಾಕಾನಿಗೆ ಚಿತ್ರ ಬಿಡಿಸಿ ತೋರಿಸಿದಾಗ ಅವರ ಮುಖ ಅರಳಿತು. "ಈಗ ಸರಿ ಆತು ನೋಡು. ಉಸಿರಾಡೋ ಬಾಯಾಗ ಒಲಿ ಇಡಬಾರ್ದು."

ಎಣ್ಣೆ ಸೋರುವುದು ಹಳೇ 911ಗೆ ಸಹಜ ಎಂದು ಹೇಳುವವರಿದ್ದಾರೆ. ನನ್ನ ಮೇಜಿನ ಮೇಲಿನ ಪಿಸ್ಟನ್ ಬೇರೆ ಹೇಳುತ್ತದೆ. ಸೇಡಂ, ವಾಡಿ ಕಡೆ ಹೋದರೆ ಸಿಮೆಂಟಿನ ಧೂಳು, ಉಳಿದ ಕಡೆ ಎರೆಮಣ್ಣು. ಫ್ಯಾನ್ ಅದನ್ನೆಲ್ಲ ಎಳೆದು ಸಿಲಿಂಡರಿನ ಮೇಲೆ ಸುರಿಯುತ್ತದೆ. ಒಣ ಧೂಳು ಹಾರಿಹೋಗುತ್ತದೆ, ಎಣ್ಣೆಗೆ ಸಿಕ್ಕ ಧೂಳು ಅಲ್ಲೇ ಬೇಯುತ್ತದೆ. ಅದಕ್ಕೇ ಇಂಜಿನ್ ಬಿಚ್ಚಿದಾಗ ಪ್ರತಿ ಸೀಲೂ ಹೊಸದು, ಫ್ಯಾನಿನ ಸುತ್ತಲಿನ ತಗಡುಗಳ ಸಂದಿಗೆಲ್ಲ ಹೊಸ ರಬ್ಬರ್. ಎಣ್ಣೆ 20ಡಬ್ಲ್ಯೂ-50. ಮುಳ್ಳು 90ರಿಂದ 110ರ ನಡುವೆ ಆಡುತ್ತಿದ್ದರೆ ಆರಾಮ, 120 ದಾಟಿದರೆ ನೆರಳು ಹುಡುಕಬೇಕು.

ಬಾಡಿ, ಚಕ್ರ, ಬಣ್ಣ

ಅಗಲ ಮಡ್‌ಗಾರ್ಡಿನ ಗಾಡಿ ಫೋಟೋದಲ್ಲಿ ಚೆಂದ. ಜಪಾನಿನ ಆರ್‌ಡಬ್ಲ್ಯೂಬಿ ಅವರ ಕೆಲಸ ನೋಡಿ ಬೆರಗಾಗಿದ್ದೇನೆ. ಆದರೆ ಅವರು ಅಸಲಿ ಮಡ್‌ಗಾರ್ಡ್ ಕತ್ತರಿಸುತ್ತಾರೆ, ಕತ್ತರಿಸಿದ್ದು ವಾಪಸ್ ಬರುವುದಿಲ್ಲ. ನಾನು ಕಂಪನಿಯ ಕಿರಿದಾದ ಮೈಯನ್ನೇ ಇಟ್ಟುಕೊಳ್ಳುತ್ತೇನೆ. ಬಂಪರನ್ನೂ ಹಾಗೇ ಬಿಡುತ್ತೇನೆ, ಎಂಬತ್ತರ ದಶಕದ ಗಾಡಿಗೆ ಎಂಬತ್ತರ ದಶಕದ ಮುಖವೇ ಚೆಂದ.

ಚಕ್ರಕ್ಕೆ ಹಳೇ 911ಗಳಲ್ಲಿ ಬರುತ್ತಿದ್ದ ಫುಕ್ಸ್ ಕಂಪನಿಯ 16 ಇಂಚಿನ ರಿಮ್ಮು. 17, 18 ಇಂಚು ಹಾಕಿದರೆ ಟೈರಿನ ಗೋಡೆ ತೆಳುವಾಗಿ ನಮ್ಮ ಗುಂಡಿಗಳಲ್ಲಿ ರಿಮ್ಮೇ ಬಾಗುತ್ತದೆ. ಮುಂದಿನ 205/55 ಅಳತೆಯ 16 ಇಂಚಿನ ಟೈರು ನಮ್ಮಲ್ಲಿ ಎಷ್ಟೋ ಕಾರುಗಳಿಗೆ ಬರುತ್ತದೆ, ಊರಲ್ಲೇ ಸಿಗುತ್ತದೆ. ಹಿಂದಿನ 225/50 ಮಾತ್ರ ಮುಂಚೆ ಹೇಳಿ ತರಿಸಿಕೊಳ್ಳಬೇಕು. ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಶನ್ ಬಾರ್ ಬದಲಿಸುವುದಿಲ್ಲ, ಒಳ್ಳೆಯ ಶಾಕ್ ಅಬ್ಸಾರ್ಬರ್ ಸಾಕು. ಗಾಡಿಯನ್ನು ಕೆಳಗಿಳಿಸಬೇಡಿ. ನಮ್ಮ ಊರಿನ ರೋಡ್ ಹಂಪುಗಳು ಎಷ್ಟು ಎತ್ತರ ಅಂತ ನಿಮಗೆ ಗೊತ್ತಿದೆ, ಎಣ್ಣೆಯ ಪೈಪುಗಳು ಹಾದುಹೋಗುವುದೂ ಹೊಟ್ಟೆಯ ಅಂಚಿನಲ್ಲೇ.

ಬಣ್ಣದ ವಿಷಯಕ್ಕೆ ಎರಡು ವರ್ಷ ತೆಗೆದುಕೊಂಡೆ. ಕಪ್ಪು ಮೊದಲೇ ಹೋಯಿತು. ಶಹಾಬಾದ್ ಕಲ್ಲಿನ ಬೂದು ಬಹಳ ದಿನ ಮನಸ್ಸಿನಲ್ಲಿತ್ತು. ಮಳೆ ಬಿದ್ದು ಒದ್ದೆಯಾದ ಅಂಗಳದ ಕಲ್ಲಿಗೆ ಒಂದು ನೀಲಿ ಛಾಯೆ ಬರುತ್ತದಲ್ಲ, ಅದು. ಕೊನೆಗೆ ಗೆದ್ದಿದ್ದು ತೊಗರಿ ಹೂವಿನ ಹಳದಿ. ಬಿಸಿಲನ್ನು ಜಾಸ್ತಿ ಹೀರುವುದಿಲ್ಲ, ಧೂಳು ಕೂತರೂ ಮಂಕಾಗುವುದಿಲ್ಲ, 911ಗೆ ಎಪ್ಪತ್ತರ ದಶಕದಿಂದಲೂ ಹಳದಿ ಒಪ್ಪಿದ ಬಣ್ಣ. ಒಳಗೆ ಸೀಟಿಗೆ ಚರ್ಮ ಬೇಡ, ಚಿಕ್ಕ ಚೌಕಳಿಯ ಉಣ್ಣೆ ಬಟ್ಟೆ.

ಬಿದ್ರಿ ಇಲ್ಲದೆ ಈ ಗಾಡಿ ನನಗೆ ಪೂರ್ತಿ ಆಗುವುದಿಲ್ಲ. ಮೊದಲು ಗೇರಿನ ಗುಬ್ಬಿಯನ್ನೇ ಬಿದ್ರಿಯಲ್ಲಿ ಮಾಡಿಸಬೇಕು ಅಂದುಕೊಂಡಿದ್ದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿದ ಎರಕ, ಅದರ ಮೇಲೆ ಬೆಳ್ಳಿ ತಂತಿಯ ಬಳ್ಳಿ, ಬೀದರ್ ಕೋಟೆಯ ಮಣ್ಣಿನಲ್ಲಿ ಕುದಿಸಿ ಬರಿಸಿದ ಆ ಕಪ್ಪು. ಬೀದರಿನಿಂದ ಒಂದು ಚಿಕ್ಕ ಡಬ್ಬಿ ತಂದು ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಗಂಟೆ ಇಟ್ಟು ನೋಡಿದೆ. ಮುಟ್ಟಲು ಆಗಲಿಲ್ಲ. ಅಂಗೈಯಲ್ಲಿ ಹಿಡಿಯುವ ಜಾಗಕ್ಕೆ ಅದು ಸಲ್ಲ. ಹಾಗಾಗಿ ಗುಬ್ಬಿ ಮರದ್ದು. ಬಿದ್ರಿ ಗ್ಲೌವ್ ಬಾಕ್ಸಿನ ಮುಚ್ಚಳದ ಮೇಲೆ, ಬೆರಳಗಲದ ಒಂದು ಪಟ್ಟಿ, ನೆರಳು ಬೀಳುವ ಕಡೆ. ಅದರ ಮೇಲೆ ತೊಗರಿ ಹೂವಿನ ಬಳ್ಳಿ ಕೆತ್ತಿಸಬೇಕು.

ಹೋದ ವಾರ ಪುಸ್ತಕವನ್ನು ಕಾಕಾನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಹಾಳೆ ತಿರುವಿದರು. ಫ್ಯಾನಿನ ಚಿತ್ರದ ಹತ್ತಿರ ಬೆರಳು ನಿಲ್ಲಿಸಿ, "ಈ ಬೆಲ್ಟ್ ಹರಿದ್ರ?" ಅಂದರು. ಹರಿದರೆ ತಕ್ಷಣ ನಿಲ್ಲಿಸಬೇಕು ಕಾಕಾ, ಫ್ಯಾನೂ ನಿಲ್ಲುತ್ತದೆ, ಚಾರ್ಜಿಂಗೂ ನಿಲ್ಲುತ್ತದೆ ಅಂದೆ. ಅವರು ಪೆನ್ನು ಕೇಳಿ ತೆಗೆದುಕೊಂಡು ಕೊನೆಯ ಸಾಲಿನ ಕೆಳಗೆ ತಮ್ಮ ಕೈಯಾರೆ ಬರೆದರು: ಡಿಕ್ಕಿಯಲ್ಲಿ ಎರಡು ಬೆಲ್ಟು, ಬಿಚ್ಚುವ ಪಾನಾ, ಐದು ಲೀಟರ್ ಎಣ್ಣೆ.